ಕತ್ತಲಿಗೆ ಒಂದು ಹಾಳೆ ಸೇರಿಸಿದರೆ ಬೆಳಕು: ಕ್ವಾಂಟಮ್ ಅಳತೆಯ ಪಾಠ

ಕ್ವಾಂಟಮ್ ಅಳತೆಯ, ಅಂದರೆ ಬೆಳಕಿನ ಕಣ, ಅಣುಗಳಂಥ ಸೂಕ್ಷ್ಮ ವಸ್ತುಗಳನ್ನು ಅಳೆಯುವುದರ, ಮಾತೆತ್ತಿದ ಕೂಡಲೇ "ನಾವು ನೋಡಿದರೆ ವಸ್ತು ಬದಲಾಗುತ್ತದೆ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲ್ಲಿಂದ "ನಮ್ಮ ಮನಸ್ಸೇ ಜಗತ್ತನ್ನು ಮಾಡುತ್ತದೆ" ಅನ್ನುವವರೆಗೆ ಹೋಗಲು ಎರಡೇ ನಿಮಿಷ ಸಾಕು. ಇದನ್ನೇ ಮಾರಿಕೊಂಡು ಬದುಕುವವರೂ ಇದ್ದಾರೆ. ನನಗೆ ಜಾಸ್ತಿ ಬೇಸರ ಆಗುವುದು ಭೌತವಿಜ್ಞಾನ ಓದಿದ ವಿದ್ಯಾರ್ಥಿಗಳೂ ಇದನ್ನು ಅರ್ಧಂಬರ್ಧ ನಂಬುವುದನ್ನು ನೋಡಿದಾಗ. ಅವರ ತಪ್ಪೇನಿಲ್ಲ. ಆಪರೇಟರ್, ಐಗನ್‌ವ್ಯಾಲ್ಯೂ ಅನ್ನುವ ಗಣಿತದ ಮಾತುಗಳೆಲ್ಲ ಬೋರ್ಡಿನ ಮೇಲೆ ಬಂದು ಹೋಗಿರುತ್ತವೆ, ಆದರೆ ಅಳತೆ ಮಾಡಿದಾಗ ಏನು ನಡೆಯುತ್ತದೆ ಅಂತ ಯಾರೂ ಕಣ್ಣೆದುರು ತೋರಿಸಿರುವುದಿಲ್ಲ.

ತೋರಿಸುವುದಕ್ಕೆ ಮೂರು ಪೋಲರಾಯ್ಡ್ ಹಾಳೆ ಸಾಕು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ. ಒಂದನ್ನು ನೆಟ್ಟಗೆ, ಇನ್ನೊಂದನ್ನು ಅಡ್ಡಡ್ಡಕ್ಕೆ ಹಿಡಿದು ದೀಪ ನೋಡಿ. ಕತ್ತಲು. ಈಗ ನಡುವೆ ಮೂರನೆಯ ಹಾಳೆಯನ್ನು 45 ಡಿಗ್ರಿ ಓರೆಯಾಗಿ ತೂರಿಸಬೇಕು. ತೂರಿಸುವ ಮೊದಲು ಮಾತ್ರ ತರಗತಿಯಲ್ಲಿ ಕೈ ಎತ್ತಿಸಲೇಬೇಕು: ಬೆಳಕು ಬರುತ್ತದೋ, ಇಲ್ಲವೋ? ಇದನ್ನು ಬಿಟ್ಟು ಸುಮ್ನೆ ಪ್ರಯೋಗ ಮಾಡಿ ತೋರಿಸಿದರೆ "ಹೌದು ಸಾರ್, ಚೆನ್ನಾಗಿದೆ" ಅಂದು ಮರೆತುಬಿಡುತ್ತಾರೆ. ಮೊದಲು ಪಣ ಕಟ್ಟಿದವರು ಮರೆಯುವುದಿಲ್ಲ. "ತಡೆಯುವ ವಸ್ತುವನ್ನೇ ಇನ್ನೊಂದು ಸೇರಿಸಿದರೆ ಬೆಳಕು ಹೇಗೆ ಬರುತ್ತೆ?" ಅಂತ ವಾದ ಮಾಡುತ್ತಿರುವಾಗಲೇ ಹಾಳೆ ಒಳಗೆ ಹೋಗುತ್ತದೆ, ದೀಪ ಕಾಣಿಸುತ್ತದೆ, ಇಡೀ ತರಗತಿ ನಗುತ್ತದೆ. ಪಾಠ ಆ ನಗುವಿನಿಂದಲೇ ಶುರುವಾಗಬೇಕು.

ಯಾಕೆಂದರೆ ಎಲ್ಲರ ತಲೆಯಲ್ಲೂ ಫಿಲ್ಟರ್ ಅಂದರೆ ಜರಡಿ. ಜರಡಿ ಆರಿಸುತ್ತದೆ ಅಷ್ಟೇ, ಕಾಳನ್ನು ಬದಲಾಯಿಸುವುದಿಲ್ಲ. ಎರಡು ಜರಡಿಗಳ ನಡುವೆ ಮೂರನೆಯದನ್ನು ಇಟ್ಟರೆ ಕೆಳಗೆ ಬೀಳುವ ಕಾಳು ಎಂದೂ ಹೆಚ್ಚಾಗುವುದಿಲ್ಲ. ಇಲ್ಲಿ ಸೊನ್ನೆ ಇದ್ದದ್ದು ಎಂಟನೇ ಒಂದು ಭಾಗ ಆಯಿತು! ನಿಜವಾದ ಹಾಳೆಗಳು ಸ್ವಲ್ಪ ಬೆಳಕನ್ನು ಹೀರಿಕೊಳ್ಳುವುದರಿಂದ ಇನ್ನೂ ಕಡಿಮೆ ಬರುತ್ತದೆ, ಆದರೂ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಈ ಹಾಳೆಗಳ ಕಥೆಯೂ ತರಗತಿಯಲ್ಲಿ ಹೇಳುವಂಥದ್ದೇ. 1852ರಲ್ಲಿ ಇಂಗ್ಲೆಂಡಿನ ವೈದ್ಯ ಹೆರಾಪಾತ್ ಹೊಸ ಬಗೆಯ ಹರಳುಗಳ ಬಗ್ಗೆ ಬರೆದ. ಕ್ವಿನೈನ್ ತಿನ್ನಿಸಿದ ನಾಯಿಯ ಮೂತ್ರಕ್ಕೆ ಅಯೋಡಿನ್ ಬಿದ್ದಾಗ ಹಸಿರು ಹರಳು ಮೂಡಿದ್ದನ್ನು ಅವನ ಶಿಷ್ಯ ಗಮನಿಸಿದ್ದ. ಆ ಹರಳುಗಳು ಒಂದರ ಮೇಲೊಂದು ಅಡ್ಡ ಬಿದ್ದ ಕಡೆ ಕಪ್ಪಾಗಿ ಕಾಣುತ್ತಿದ್ದವು. 1920ರ ದಶಕದ ಕೊನೆಗೆ ಎಡ್ವಿನ್ ಲ್ಯಾಂಡ್ ಅಂಥದೇ ಪುಟ್ಟ ಹರಳುಗಳನ್ನು ಒಂದೇ ದಿಕ್ಕಿಗೆ ಸಾಲಾಗಿ ಕೂರಿಸಿ ಮೊದಲ ಪೋಲರಾಯ್ಡ್ ಹಾಳೆ ಮಾಡಿದ. ನಾಯಿಯ ಕಥೆ ಕೇಳಿದವರು ಹರಳನ್ನೂ ಮರೆಯುವುದಿಲ್ಲ.

ಇನ್ನು ಒಳಗಿನ ಲೆಕ್ಕ. ಇದನ್ನು ನಾಟಕ ಮಾಡಿಯೇ ತೋರಿಸಬೇಕು ಅನ್ನುವುದು ನನ್ನ ಹಠ. ಮೂವರು ವಿದ್ಯಾರ್ಥಿಗಳು ಬಾಗಿಲು ಕಾಯುವವರು, ಅಂದರೆ ಹಾಳೆಗಳು. ಉಳಿದವರು ಕೈಯಲ್ಲಿ ಕೋಲು ಹಿಡಿದ ಫೋಟಾನ್‌ಗಳು. ಫೋಟಾನ್ ಅಂದರೆ ಬೆಳಕಿನ ಒಂದು ಕಣ, ಕೋಲು ಅಂದರೆ ಅದರ ಕಂಪನದ ದಿಕ್ಕು. ಕೋಲು ಬಾಗಿಲಿನ ದಿಕ್ಕಿಗೇ ಇದ್ದರೆ ನೇರ ಪ್ರವೇಶ. ಪೂರ್ತಿ ಅಡ್ಡ ಇದ್ದರೆ ಅಲ್ಲೇ ಕೂತುಬಿಡಬೇಕು. 45 ಡಿಗ್ರಿ ಓರೆ ಇದ್ದರೆ ನಾಣ್ಯ ಚಿಮ್ಮಬೇಕು: ಟೇಲ್ ಬಿದ್ದರೆ ಕೂರು, ಹೆಡ್ ಬಿದ್ದರೆ ಒಳಗೆ ಬಾ, ಆದರೆ ಬರುವಾಗ ಕೋಲನ್ನು ಬಾಗಿಲಿನ ದಿಕ್ಕಿಗೆ ತಿರುಗಿಸಿಕೊಂಡು ಬಾ. ಎಲ್ಲ ಗುಟ್ಟು ಇರುವುದು ಈ ಕೊನೆಯ ಮಾತಿನಲ್ಲಿ. ಒಳಗೆ ಬಂದವನನ್ನು "ಮೊದಲು ನಿನ್ನ ಕೋಲು ಹೇಗಿತ್ತಪ್ಪಾ?" ಅಂತ ಕೇಳಿದರೆ "ಗೊತ್ತಿಲ್ಲ ಸಾರ್" ಅಂತಲೇ ಹೇಳಬೇಕು, ಅದು ನಿಯಮ. ಪ್ರತಿ ಸಲ ನಗು ಏಳುತ್ತದೆ. ಆದರೆ ಅದು ನಿಜವಾದ ಭೌತವಿಜ್ಞಾನ: ದಾಟಿ ಬಂದ ಫೋಟಾನಿನಲ್ಲಿ ಹಳೆಯ ದಿಕ್ಕಿನ ಗುರುತು ಉಳಿದಿರುವುದಿಲ್ಲ, ಅದಕ್ಕೇ ಮೂರನೆಯ ಬಾಗಿಲು ಮತ್ತೆ ನಾಣ್ಯ ಚಿಮ್ಮಿಸಬೇಕಾಗುತ್ತದೆ. ಹೊರಗಿನಿಂದ ಬರುವವರ ಕೋಲಿಗೆ ಇಂಥದೇ ದಿಕ್ಕು ಅಂತಿಲ್ಲವಾದ್ದರಿಂದ ಮೊದಲ ಬಾಗಿಲಲ್ಲೂ ನಾಣ್ಯವೇ. 8 ಜನ ಹೊರಟರೆ ಸರಾಸರಿ 4, ಆಮೇಲೆ 2, ಕೊನೆಗೆ 1. ನಡುವಿನ ಬಾಗಿಲು ತೆಗೆದುಬಿಡಿ, ಕೊನೆಯಲ್ಲಿ ನಾಣ್ಯಕ್ಕೆ ಕೆಲಸವೇ ಇಲ್ಲ, ಎಲ್ಲರೂ ಕೂತರು. 30 ಡಿಗ್ರಿ ಓರೆಗೆ ಎರಡು ನಾಣ್ಯ ಬೇಕು, ಎರಡೂ ಟೇಲ್ ಆದರೆ ಮಾತ್ರ ಕೂರಬೇಕು, ಅಂದರೆ ನಾಲ್ಕರಲ್ಲಿ ಮೂರು ಪಾಲು ದಾಟುತ್ತಾರೆ. ದಾಟುವ ಪಾಲು ಓರೆ ಕೋನದ ಕೊಸೈನಿನ ವರ್ಗ ಅನ್ನುವ ನಿಯಮ ಇಷ್ಟೇ. ಹತ್ತತ್ತು ಡಿಗ್ರಿ ತಿರುಗಿಸುತ್ತಾ 9 ಹಾಳೆ ಇಟ್ಟರೆ ನೆಟ್ಟಗಿದ್ದ ಬೆಳಕಿನ ಸುಮಾರು 76 ಶೇಕಡಾ ಅಡ್ಡ ತಿರುಗಿ ಹೊರಬರಬೇಕು. ಬರೀ ಅಳತೆ ಮಾಡುತ್ತಲೇ ಬೆಳಕನ್ನು ತಿರುಗಿಸಿಬಿಟ್ಟೆವು, ಎಂಥ ಚೆಂದ ಅಲ್ವಾ!

ಚುರುಕಾದ ವಿದ್ಯಾರ್ಥಿ ಇಲ್ಲಿ ತಕರಾರು ತೆಗೆಯುತ್ತಾಳೆ: ಬೆಳಕು ಅಲೆ ಅಂದುಕೊಂಡರೂ ಇದೇ ಲೆಕ್ಕ ಬರುತ್ತದಲ್ಲ, ಕ್ವಾಂಟಮ್ ಯಾಕೆ ಬೇಕು? ಸರಿಯಾದ ಮಾತು. ಇದನ್ನು ಮುಚ್ಚಿಡಬಾರದು. ದೀಪದ ಬೆಳಕಿನಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಒಂದೊಂದೇ ಫೋಟಾನ್ ಕಳಿಸಿದಾಗ ಕಾಣುತ್ತದೆ: ಅಲೆಯಾದರೆ ಅರ್ಧ ದಾಟಬಹುದು, ಫೋಟಾನ್ ಮಾತ್ರ ಅರ್ಧ ದಾಟುವುದಿಲ್ಲ. ಡಿಟೆಕ್ಟರ್ ಟಿಕ್ ಅನ್ನುತ್ತದೆ, ಇಲ್ಲವೇ ಸುಮ್ಮನಿರುತ್ತದೆ. 1986ರಲ್ಲಿ ಗ್ರಾಂಜಿಯೆ, ರೋಜೆ, ಆಸ್ಪೆ ಎಂಬ ಫ್ರೆಂಚ್ ವಿಜ್ಞಾನಿಗಳು ಒಂದು ಫೋಟಾನ್ ಎರಡು ದಾರಿಗೂ ಪಾಲಾಗಿ ಹೋಗಿ ಎರಡೂ ಡಿಟೆಕ್ಟರ್‌ಗಳನ್ನು ಮುಟ್ಟುವುದಿಲ್ಲ ಅಂತ ತೋರಿಸಿದರು.

ಬೆಕ್ಕಿನ ವಿಷಯ ಹೇಳದಿದ್ದರೆ ಯಾರೂ ಬಿಡುವುದಿಲ್ಲ. 1935ರಲ್ಲಿ ಭೌತವಿಜ್ಞಾನಿ ಶ್ರೋಡಿಂಗರ್ ಆ ಪೆಟ್ಟಿಗೆ ಬೆಕ್ಕನ್ನು, ಅಂದರೆ ಪೆಟ್ಟಿಗೆ ತೆರೆದು ನೋಡುವವರೆಗೆ ಬದುಕಿಯೂ ಸತ್ತೂ ಇರುವ ಬೆಕ್ಕನ್ನು, ತಂದದ್ದು ನಂಬಿ ಅಂತ ಅಲ್ಲ. ಅದು ನಗೆಪಾಟಲಿನ ಉದಾಹರಣೆ ಅಂತ ಅವನೇ ಬರೆದಿದ್ದ. ಕ್ವಾಂಟಮ್ ಸಮೀಕರಣವನ್ನು ದೊಡ್ಡ ವಸ್ತುಗಳವರೆಗೆ ಹಾಗೇ ಎಳೆದುಕೊಂಡು ಹೋದರೆ ಎಲ್ಲಿಗೆ ತಲುಪುತ್ತೀರಿ ನೋಡಿ ಅನ್ನುವುದು ಅವನ ಮಾತು. ಆ ತಮಾಷೆಯನ್ನೇ ಈಗ ಕೆಲವರು ಅಧ್ಯಾತ್ಮದ ಸಾಕ್ಷಿ ಮಾಡಿಕೊಂಡಿದ್ದಾರೆ. ಪ್ರಜ್ಞೆಗೆ ಇಲ್ಲಿ ಪಾತ್ರವಿದೆ ಅಂತ 1961ರಲ್ಲಿ ಗಂಭೀರವಾಗಿ ವಾದಿಸಿದ ಭೌತವಿಜ್ಞಾನಿ ವಿಗ್ನರ್ ಕೂಡ ಮುಂದೆ ಆ ವಾದ ಕೈಬಿಟ್ಟರು.

ತರಗತಿಯಲ್ಲೇ ಇದನ್ನೂ ಮಾಡಿ ನೋಡಬಹುದು. ಮೂರು ಹಾಳೆಯ ಹಿಂದೆ ಬೆಳಕು ಅಳೆಯುವ ಸೆನ್ಸರ್ ಇಟ್ಟು, ಅದು ತಾನಾಗಿಯೇ ದಾಖಲೆ ಬರೆದುಕೊಳ್ಳುವಂತೆ ಮಾಡಿ, ಎಲ್ಲರೂ ಕೋಣೆ ಬಿಟ್ಟು ಹೊರಗೆ ಹೋಗಿ ಬನ್ನಿ. ಯಾರೂ ನೋಡದಿದ್ದಾಗಲೂ ಅದೇ ಸಂಖ್ಯೆ ಬಂದಿರುತ್ತದೆ. "ಹಾಗಾದರೆ ಅಳತೆ ಮುಗಿಯುವುದು ಯಾವ ಕ್ಷಣದಲ್ಲಿ, ಹಾಳೆಯಲ್ಲೋ ಸೆನ್ಸರಿನಲ್ಲೋ?" ಅಂತ ಆಗ ಯಾರಾದರೂ ಕೇಳಿದರೆ ನಾಟಕ ನಿಲ್ಲಿಸಿ ಬೋರ್ಡಿಗೆ ಹೋಗುವ ಹೊತ್ತು ಬಂತು ಅಂತ ಅರ್ಥ. ಸುತ್ತಲಿನ ಲೆಕ್ಕವಿಲ್ಲದಷ್ಟು ಅಣುಗಳಿಗೆ ಗುರುತು ಹರಡಿಕೊಂಡಾಗ ಏನಾಗುತ್ತದೆ ಅನ್ನುವ ಡಿಕೊಹೆರೆನ್ಸ್ ಲೆಕ್ಕವನ್ನು ಅಲ್ಲಿಂದ ಶುರುಮಾಡಬಹುದು. ಆ ಪ್ರಶ್ನೆಯ ಒಂದು ದೊಡ್ಡ ಭಾಗಕ್ಕೆ ಅದು ಉತ್ತರ ಕೊಡುತ್ತದೆ. ಅನೇಕ ಸಾಧ್ಯತೆಗಳಲ್ಲಿ ಈ ಒಂದೇ ಯಾಕೆ ಆಯಿತು ಅನ್ನುವುದಕ್ಕೆ ಭೌತವಿಜ್ಞಾನಿಗಳು ಇಂದಿಗೂ ಬೇರೆ ಬೇರೆ ಉತ್ತರ ಕೊಡುತ್ತಾರೆ, ಅದನ್ನೂ ವಿದ್ಯಾರ್ಥಿಗಳಿಗೆ ನೇರವಾಗಿ ಹೇಳಬೇಕು.