ಎರಡು ಲೈನ್ ಸೇರಿಸಿದಾಗ ಬೇಸ್ ಎಲ್ಲಿ ಹೋಗುತ್ತದೆ?

"ಸಾರ್, ಕ್ಲೀನ್ ಒಂದೇ ಕೇಳಿದ್ರೆ ಸೂಪರ್ ಐತೆ. ಡಿಸ್ಟಾರ್ಷನ್ ಒಂದೇ ಕೇಳಿದ್ರೂ ಸೂಪರ್. ಎರಡೂ ಸೇರಿಸಿದ್ರೆ ಸಪ್ಪೆ. ಪೆಡಲ್ ಹೋಗೈತೆ ನೋಡಿ."

ದಾವಣಗೆರೆಯಲ್ಲಿ ಕಾಲೇಜು ಫೆಸ್ಟ್‌ಗಳು ಶುರುವಾದವೆಂದರೆ ನನ್ನ ರಿಪೇರಿ ಟೇಬಲ್ ಮುಂದೆ ಇದೇ ಮಾತು. ಒಂದೇ ಅಕೌಸ್ಟಿಕ್ ಗಿಟಾರಿನ ಸಿಗ್ನಲ್ಲನ್ನು ಎರಡು ಲೈನ್ ಮಾಡಿ, ಒಂದನ್ನು ಇದ್ದಂತೆಯೇ (ಕ್ಲೀನ್), ಇನ್ನೊಂದನ್ನು ದನಿ ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಮೂಲಕ ಕಳಿಸಿ, ಕೊನೆಗೆ ಸೇರಿಸುವ ಹುಡುಗರ ಮಾತಿದು. ಸಪ್ಪೆ ಅಂದರೆ ಬೇಸ್, ಅಂದರೆ ತಗ್ಗಿನ ದನಿ, ಹೋಗಿದೆ ಅಂತ. ಪೆಡಲ್ ಬಿಚ್ಚಿ ನೋಡಿದರೆ ಬಹುತೇಕ ಸಲ ಏನೂ ಆಗಿರುವುದಿಲ್ಲ. ಹಾಗೆಂದರೆ ಹುಡುಗರು ನಂಬುವುದಿಲ್ಲ. ಇನ್ನೊಂದು ಪೆಡಲ್ ತರಿಸುತ್ತಾರೆ, ಅದೂ ಸಪ್ಪೆಯಾಗುತ್ತದೆ. ಅಪ್ಪಂದಿರ ದುಡ್ಡು ಹೀಗೆ ಕರಗುವುದನ್ನು ನೋಡಲಾರದೆ ಇದನ್ನು ಬರೆಯುತ್ತಿದ್ದೇನೆ.

ಲೈನ್ ಎರಡು ಮಾಡುವುದು ಯಾಕೆಂದು ನಿಮಗೆ ಗೊತ್ತಿದೆ. ಅಕೌಸ್ಟಿಕ್ ಗಿಟಾರನ್ನು ಇಡಿಯಾಗಿ ಡಿಸ್ಟಾರ್ಷನ್‌ಗೆ ಕೊಟ್ಟರೆ ಮೀಟಿನ ಹೊಡೆತ, ಮರದ ದನಿ ಎರಡೂ ಹೋಗುತ್ತವೆ. ಭದ್ರಾ ಕಾಲುವೆ ನೀರು ಗದ್ದೆಗಿಳಿದು ಕೆಸರಾದ ಮೇಲೆ ತಿಳಿನೀರು ಕೇಳಿದರೆ ಸಿಗುವುದಿಲ್ಲ, ತೂಬಿನ ಹತ್ತಿರವೇ ಕವಲು ತೆಗೆಯಬೇಕು. ಅದಕ್ಕೇ ಸಿಗ್ನಲ್ಲನ್ನು ಎರಡಾಗಿ ಕವಲು ಮಾಡುವ ಸ್ಪ್ಲಿಟರ್. ಬಾಸ್ ಕಂಪನಿಯ ಎಲ್‌ಎಸ್-2 ಥರದ್ದಾದರೆ ಎರಡು ಲೂಪ್ (ಪೆಡಲ್ಲಿಗೆ ಹೋಗಿ ಬರುವ ದಾರಿ) ಕೊಟ್ಟು, ಎರಡಕ್ಕೂ ಬೇರೆ ಬೇರೆ ಲೆವೆಲ್ ಇಟ್ಟು, ತಾನೇ ಸೇರಿಸಿಯೂ ಕೊಡುತ್ತದೆ.

ತೊಂದರೆ ಇರುವುದು ಸೇರುವ ಜಾಗದಲ್ಲಿ. ತಂತಿ ಅಲುಗಿದಂತೆ ಸಿಗ್ನಲ್ ಮೇಲೆ ಕೆಳಗೆ ಹೋಗುತ್ತದೆ, ಸ್ಪೀಕರಿನ ಕೋನ್ ಅದೇ ಲೆಕ್ಕದಲ್ಲಿ ಮುಂದೆ ಹಿಂದೆ ಬಡಿಯುತ್ತದೆ. ಟ್ರಾನ್ಸಿಸ್ಟರಿನ ಒಂದು ಸಾಮಾನ್ಯ ಗೇನ್ ಹಂತ ಸಿಗ್ನಲ್ಲನ್ನು ದೊಡ್ಡದು ಮಾಡುವಾಗ ತಲೆಕೆಳಗೂ ಮಾಡುತ್ತದೆ. ಅಂಥ ಹಂತ ಎರಡಿದ್ದರೆ ಮತ್ತೆ ನೆಟ್ಟಗಾಗುತ್ತದೆ. ಒಂದೋ ಮೂರೋ ಇದ್ದರೆ ತಲೆಕೆಳಗಾಗಿಯೇ ಹೊರಬರುತ್ತದೆ. ಒಂದನ್ನೇ ಕೇಳಿದರೆ ಕಿವಿಗೆ ಇದು ತಿಳಿಯುವುದೇ ಇಲ್ಲ. ಸೇರಿಸಿದಾಗ ಮಾತ್ರ, ಕ್ಲೀನ್ ಲೈನ್ ಕೋನನ್ನು ಮುಂದೆ ತಳ್ಳುವ ಗಳಿಗೆಯಲ್ಲೇ ಡಿಸ್ಟಾರ್ಷನ್ ಲೈನ್ ಹಿಂದೆ ಎಳೆಯುತ್ತದೆ. ಕೆಳಗಿನ ಸ್ವರಗಳು ಎರಡರಲ್ಲೂ ಇರುವುದರಿಂದ ಒಂದನ್ನೊಂದು ಹೊಡೆದುಹಾಕುತ್ತವೆ. ಡಿಸ್ಟಾರ್ಷನ್ ಹೊಸದಾಗಿ ಹುಟ್ಟಿಸಿದ, ಮೂಲ ಸ್ವರಕ್ಕಿಂತ ಎತ್ತರದ ದನಿಗಳಾದ ಹಾರ್ಮೋನಿಕ್‌ಗಳಿಗೆ ಕ್ಲೀನ್‌ನಲ್ಲಿ ಜೋಡಿಯಿಲ್ಲ, ಅವು ಉಳಿಯುತ್ತವೆ. ನಿಮಗೆ ಕೇಳುವ ಮೂಗಿನ ದನಿ ಅದೇ.

ಇಷ್ಟು ಹೇಳಿದ ಕೂಡಲೇ ಎಲ್ಲರೂ ಮಾಡುವುದೊಂದೇ: ಗಿಟಾರಿನ ಮೈಬದಿಯಲ್ಲೇ ಕೂರಿಸಿರುವ, ಸಿಗ್ನಲ್ ಹೆಚ್ಚಿಸುವ ಪ್ರಿಆಂಪ್‌ನ ಫೇಸ್ ಬಟನ್, ಅಂದರೆ ಸಿಗ್ನಲ್ಲನ್ನು ತಲೆಕೆಳಗು ಮಾಡುವ ಬಟನ್, ಒತ್ತುತ್ತಾರೆ. ಅದು ಇದಕ್ಕಲ್ಲ! ಆ ಬಟನ್ ಸ್ಪ್ಲಿಟರ್‌ಗಿಂತ ಮೊದಲಿದೆ. ಅದನ್ನು ಒತ್ತಿದರೆ ಎರಡೂ ಲೈನ್ ಒಟ್ಟಿಗೆ ತಿರುಗುತ್ತವೆ, ಜಗಳ ಹಾಗೇ ಇರುತ್ತದೆ. ಸ್ಪೀಕರಿಗೂ ಗಿಟಾರಿಗೂ ನಡುವೆ ಕೂಯ್ ಅನ್ನುವ ಫೀಡ್‌ಬ್ಯಾಕ್‌ಗೆ ಅದು ಕೆಲವೊಮ್ಮೆ ಉಪಯೋಗಕ್ಕೆ ಬರುತ್ತದೆ, ಅಷ್ಟೆ. ನಮಗೆ ಬೇಕಾದದ್ದು ಕವಲಾದ ಮೇಲೆ ಒಂದೇ ಒಂದು ಲೈನ್ ತಿರುಗಿಸುವುದು. ಮತ್ತೊಮ್ಮೆ ಹೇಳುತ್ತೇನೆ: ಕವಲಾದ ಮೇಲೆ, ಒಂದೇ ಲೈನ್.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗನನ್ನೂ ಅವನ ಪೆಡಲ್‌ಗಳನ್ನೂ ಕರೆತಂದಿದ್ದರು. ಹುಡುಗ ತತ್ವಪದಗಳನ್ನು ಗಿಟಾರಿಗೆ ಕೂರಿಸಿ ಹಾಡುತ್ತಿದ್ದ, ಚೆನ್ನಾಗಿಯೇ ಹಾಡುತ್ತಿದ್ದ. ಅಪ್ಪ ಕೇಳಿದ್ದು ಇಷ್ಟು: "ಇವನ್ನ ವಾಪಸ್ ತಗೊಳ್ತಾರೇನ್ರೀ?" ನಾನು ಎರಡೂ ಲೈನನ್ನು ಮಿಕ್ಸರಿನ ಬೇರೆ ಬೇರೆ ಚಾನೆಲ್‌ಗೆ ತಂದು, ಲೆವೆಲ್ ಸಮ ಮಾಡಿ, ದಪ್ಪ ತಂತಿ ಮೀಟಲು ಹೇಳಿದೆ. ಆಮೇಲೆ ಡಿಸ್ಟಾರ್ಷನ್ ಚಾನೆಲ್‌ನಲ್ಲಿ ಸೊನ್ನೆಗೆ ಅಡ್ಡಗೀಟು ಹಾಕಿದ, ಆ ಲೈನನ್ನಷ್ಟೇ ತಲೆಕೆಳಗು ಮಾಡುವ ಬಟನ್ ಒತ್ತಿದೆ. ಟೇಬಲ್ ಮೇಲಿದ್ದ ಸ್ಕ್ರೂಗಳು ಗಡಗಡ ಅಂದವು. ಹುಡುಗನಿಗಿಂತ ಮೊದಲು ಅಪ್ಪ ನಕ್ಕರು.

ಪರೀಕ್ಷೆ ಇಷ್ಟೇ. ಬಟನ್ ಯಾವ ಕಡೆ ಇದ್ದರೆ ಬೇಸ್ ಜಾಸ್ತಿಯೋ ಆ ಕಡೆ ಬಿಡಿ. ನಿಮ್ಮ ಮಿಕ್ಸರಿನಲ್ಲಿ ಆ ಬಟನ್ ಇಲ್ಲದಿದ್ದರೆ ಡಿಐ ಬಾಕ್ಸಿನಿಂದ (ಗಿಟಾರಿನ ಸಿಗ್ನಲ್ಲನ್ನು ಮಿಕ್ಸರಿಗೆ ಒಗ್ಗಿಸುವ ಡಬ್ಬಿ) ಮಿಕ್ಸರಿಗೆ ಹೋಗುವ ಎಕ್ಸ್‌ಎಲ್‌ಆರ್ ಎಂಬ ಮೂರು ಪಿನ್ನಿನ ಕೇಬಲ್ಲೊಂದರ ಒಂದು ತುದಿಯಲ್ಲಿ 2 ಮತ್ತು 3ನೇ ಪಿನ್ನಿನ ವೈರ್ ಅದಲುಬದಲು ಮಾಡಿ ಬೆಸುಗೆ ಹಾಕಿಸಿ. ಆ ಕೇಬಲ್‌ಗೆ ಕೆಂಪು ಟೇಪ್ ಸುತ್ತಿ, ಬೇರೆ ಕೇಬಲ್‌ಗಳ ಜೊತೆ ಬೆರೆಯಬಾರದು.

ಡಿಜಿಟಲ್ ಪೆಡಲ್ ಆದರೆ ಬಟನ್ ಒಂದೇ ಸಾಲದು, ಅದು ಸಿಗ್ನಲ್ಲನ್ನು ತಡ ಮಾಡುತ್ತದೆ. 2 ಮಿಲಿಸೆಕೆಂಡ್ ತಡವಾದರೆ 250, 750, 1250 ಹರ್ಟ್ಸ್‌ಗಳಲ್ಲಿ ಹೀಗೆ ಸಾಲಾಗಿ ದನಿ ಇಲ್ಲವಾಗುವ ಹಳ್ಳಗಳು ಬೀಳುತ್ತವೆ. ಡಿಜಿಟಲ್ ಮಿಕ್ಸರ್ ಇದ್ದರೆ ಕ್ಲೀನ್ ಚಾನೆಲ್ಲನ್ನೂ ಅಷ್ಟೇ ತಡ ಮಾಡಿ. ಇಲ್ಲದಿದ್ದರೆ ಡಿಸ್ಟಾರ್ಷನ್‌ಗೆ ಅನಲಾಗ್ ಪೆಡಲ್ಲೇ ಇರಲಿ.

ಫೀಡ್‌ಬ್ಯಾಕ್ ಬಗ್ಗೆ ಎರಡು ಮಾತು. ಡಿಸ್ಟಾರ್ಷನ್ ಸಣ್ಣ ಸದ್ದನ್ನೂ ಎತ್ತಿ ದೊಡ್ಡದು ಮಾಡುತ್ತದೆ, ಗಿಟಾರಿನ ಹೊಟ್ಟೆಯೋ ಸುಮಾರು 100 ಹರ್ಟ್ಸ್ ಆಸುಪಾಸು ತಾನಾಗಿ ಮೊಳಗುತ್ತದೆ. ಹಾಗಾಗಿ ಡಿಸ್ಟಾರ್ಷನ್ ಲೈನಿನಲ್ಲಿ ಪೆಡಲ್‌ಗಿಂತ ಮೊದಲು ತಗ್ಗಿನ ದನಿ ಕತ್ತರಿಸುವ ಲೋ-ಕಟ್ ಇಡಿ. 150 ಹರ್ಟ್ಸಿನಿಂದ ಶುರುಮಾಡಿ ನೋಡಬಹುದು, ಗಿಟಾರಿಂದ ಗಿಟಾರಿಗೆ ವ್ಯತ್ಯಾಸ ಇರುತ್ತದೆ. ಲೋ-ಕಟ್ ಕೂಡ ಫೇಸನ್ನು (ಅಲೆ ಏರಿಳಿಯುವ ಗಳಿಗೆಯನ್ನು) ಸ್ವಲ್ಪ ತಿರುಗಿಸುವುದರಿಂದ ಮೇಲಿನ ಪರೀಕ್ಷೆಯನ್ನು ಆಮೇಲೆ ಇನ್ನೊಮ್ಮೆ ಮಾಡಿ. ಪೆಡಲ್ ಆದಮೇಲೆ 5000 ಹರ್ಟ್ಸ್‌ಗಿಂತ ಮೇಲಿನದನ್ನು ಕತ್ತರಿಸಿ, ಜೇನುಹುಳದ ಗುಂಯ್ ಸದ್ದು ಹೋಗುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಸ್ಪೀಕರ್ ತಾನೇ ಮಾಡುವ ಆ ಕೆಲಸವನ್ನು ಸಭೆಗೆಲ್ಲ ಕೇಳಿಸುವ ನಿಮ್ಮ ಪಿಎ ಸ್ಪೀಕರ್ ಮಾಡುವುದಿಲ್ಲ.

ಒಂದು ಎಚ್ಚರಿಕೆ. ಎರಡು ಲೈನ್ ಎರಡು ಕಡೆ ಹೋದಾಗ ಹಮ್ಮಿಂಗ್ ಬರಬಹುದು. ಅದಕ್ಕೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ (ಆಡಿಯೋ ಕೇಬಲ್ಲಿನ ಗ್ರೌಂಡ್ ಬಿಡಿಸುವ ಸ್ವಿಚ್) ಇದೆ, ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ ಇದೆ. ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥ್ ಪಿನ್ ಕೀಳುವುದು ಖಂಡಿತ ಬೇಡ. ಜಾತ್ರೆ, ಗಣಪತಿ ಪೆಂಡಾಲಿನ ಒದ್ದೆ ನೆಲದ ಮೇಲೆ ತಂತಿ ಹಿಡಿದು ನಿಲ್ಲುವವರು ನೀವು.

ಇಷ್ಟೆಲ್ಲ ನೋಡಿಯೂ ಸಪ್ಪೆ ಅನ್ನಿಸಿದರೆ ಪೆಡಲ್ ನಿಜಕ್ಕೂ ಹೋಗಿರಬಹುದು, ತನ್ನಿ. ಆದರೆ ಬರುವಾಗ ಗಿಟಾರ್, ಸ್ಪ್ಲಿಟರ್, ಅಡಾಪ್ಟರ್, ನೀವು ಬಳಸುವ ಅವೇ ಕೇಬಲ್‌ಗಳು, ಎಲ್ಲವನ್ನೂ ತನ್ನಿ.