ನೀರಿಲ್ಲದ ಕೆರೆಯ ದಂಡೆಗೆ ಒಂದು ಪ್ಲಾಟ್

ವಿಜಯಪುರದ ಹೊರಗೆ ಒಂದು ಕೆರೆಯ ದಂಡೆಗೆ ನಮ್ಮ ಕಾಕಾ ಪ್ಲಾಟ್ ತೊಗೊಂಡಿದ್ದಾರೆ. ಮೂವತ್ತು-ನಲವತ್ತರ ಸೈಟು. ಮುಕ್ಕಾಲು ಭಾಗ ಕೆರೆಯ ಬಫರ್ ವಲಯದಲ್ಲಿದೆ, ಅಂದರೆ ಕೆರೆಯ ಸುತ್ತ ಏನೂ ಕಟ್ಟದೆ ಖಾಲಿ ಬಿಡಬೇಕಾದ ಪಟ್ಟಿಯಲ್ಲಿದೆ ಅಂತ ಮನೆಯ ನಕ್ಷೆ ವಾಪಸ್ ಬಂತು. ವಿನಾಯಿತಿ ಕೇಳಿ ಅರ್ಜಿ ಬರೆದುಕೊಡು ಅಂತ ಮೇ ತಿಂಗಳಲ್ಲಿ ನನ್ನನ್ನು ಅಲ್ಲಿಗೇ ಕರೆದರು.

“ನೀನೇ ನೋಡಪಾ, ನೀರು ಎಲ್ಲೈತಿ ಇಲ್ಲಿ?”

ನಿಜ, ನೀರು ಇರಲಿಲ್ಲ. ಎರೆಮಣ್ಣು ಬಾಯಿ ಬಿಟ್ಟಿತ್ತು. ಒಂದು ಬಿರುಕಿಗೆ ಜಾಲಿ ಕಡ್ಡಿ ಇಳಿಸಿದೆ. ಮೊಳದುದ್ದ ಹೋದರೂ ತಳ ಸಿಗಲಿಲ್ಲ.

ಕಾಕಾ ಮೊದಲು ನೋಡಬೇಕಾದದ್ದು ಆ ಬಿರುಕನ್ನು. ನಮ್ಮ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಜಾಸ್ತಿ. ಕಡಕ್ ರೊಟ್ಟಿ ಒಟ್ಟಿಟ್ಟ ಹಾಗೆ ಅದರಲ್ಲಿ ತೆಳ್ಳನೆಯ ಪದರಗಳು. ಒಂದೇ ಗ್ರಾಂ ಖನಿಜದ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 700ರಿಂದ 800 ಚದರ ಮೀಟರ್ ಆಗುತ್ತದೆ. ಅಂದರೆ ಕಾಕಾನ ಪ್ಲಾಟಿನಂಥ ಆರೇಳು ಪ್ಲಾಟು, ಒಂದು ಚಿಟಿಕೆ ಖನಿಜದಲ್ಲಿ! ಮಳೆ ಬಂದಾಗ ನೀರು ಈ ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಹೋದಾಗ ಕುಗ್ಗಿ ಬಿರಿಯುತ್ತದೆ.

ಎಲ್ಲ ಕಡೆ ಒಂದೇ ಸಮನೆ ಉಬ್ಬಿದರೆ ಮನೆಗೆ ಅಷ್ಟು ತೊಂದರೆ ಇಲ್ಲ. ಕೆರೆ ದಂಡೆಯಲ್ಲಿ ಹಾಗಾಗುವುದಿಲ್ಲ. ಕೆರೆಯ ಕಡೆಯ ಮಣ್ಣು ತಿಂಗಳುಗಟ್ಟಲೆ ನೆನೆದಿರುತ್ತದೆ, ರಸ್ತೆ ಕಡೆಯದು ಬೇಗ ಒಣಗುತ್ತದೆ. ಮನೆಯ ಒಂದು ಮಗ್ಗಲು ಮೇಲೆದ್ದು ಇನ್ನೊಂದು ಕುಸಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳು ಹೊರಡುತ್ತದೆ. ಮಳೆಗಾಲದಲ್ಲಿ ಬಾಗಿಲು ಹಾಕಲು ಬರುವುದಿಲ್ಲ. ಇದಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯ ಹಾಗೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ರೂಪಿಸಿದರು. ಮೇಲಿನ ಮಣ್ಣು ಏನೇ ಆಟ ಆಡಲಿ, ಭಾರವನ್ನೆಲ್ಲ ಕೆಳಗಿನ, ಉಬ್ಬದ ಕುಗ್ಗದ ಪದರ ಹೊರುತ್ತದೆ. ಒಳ್ಳೆಯ ಉಪಾಯ. ಆದರೆ ಅದು ಮನೆಯನ್ನು ಉಳಿಸೀತು, ಕೆರೆಯನ್ನಲ್ಲ.

“ಗರಸು ಹಾಕಿ ಏರಿಸ್ತೇನಿ ಬಿಡು” ಅಂದರು ಕಾಕಾ. ಗರಸು ಹಾಕಿದ ಜಾಗದಲ್ಲಿ ನಿಲ್ಲಬೇಕಿದ್ದ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ, ಅಲ್ವಾ? ವಿಜಯಪುರದಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಆದರೆ ಅದು ಹದವಾಗಿ ಹಂಚಿ ಬೀಳುವುದಿಲ್ಲ. ಸೆಪ್ಟೆಂಬರಿನ ಎರಡು ಮೂರು ರಾತ್ರಿಗಳಲ್ಲೇ ಕೆರೆ ತುಂಬಿಬಿಡಬಹುದು. 2019ರ ಆಗಸ್ಟ್‌ನಲ್ಲಿ ಬೆಳಗಾವಿಯ ಬಳ್ಳಾರಿ ನಾಲಾ ಎಂಬ ಹಳ್ಳ ಉಕ್ಕಿ ಮನೆಗಳಿಗೆ ನುಗ್ಗಿದ್ದು ನೆನಪಿರಬೇಕು.

ಇನ್ನು ಆ ಖಾಲಿ ಪಟ್ಟಿಯ ಕೆಲಸ. ಸುಮ್ನೆ ಬಿದ್ದಿದೆ ಅನ್ನಿಸುತ್ತದೆ, ಅಷ್ಟೇ. ಓಡಿ ಬರುವ ನೀರನ್ನು ಅಲ್ಲಿನ ಹುಲ್ಲು ನಿಧಾನ ಮಾಡುತ್ತದೆ. ಹೂಳು ಅಲ್ಲೇ ಕೂರುತ್ತದೆ, ಹೂಳಿಗೆ ಅಂಟಿದ ರಂಜಕವೂ ಕೂರುತ್ತದೆ. ಶೌಚದ ಗುಂಡಿಯಿಂದ ಇಂಗಿ ಬಂದ ನೈಟ್ರೇಟನ್ನು, ಆಮ್ಲಜನಕವಿಲ್ಲದ ಹಸಿ ಮಣ್ಣಿನ ಬ್ಯಾಕ್ಟೀರಿಯಾಗಳು ಒಡೆದು ಸಾರಜನಕದ ಅನಿಲವಾಗಿ ಗಾಳಿಗೆ ಬಿಡುತ್ತವೆ. ಕರೆಂಟ್ ಬೇಡ, ಪಂಪ್ ಬೇಡ. ಈ ಪಟ್ಟಿ ಹೋದರೆ ಗಿಡಗಳಿಗೆ ಗೊಬ್ಬರವಾಗುವ ಈ ರಂಜಕ, ನೈಟ್ರೇಟ್ ಎಲ್ಲ ನೇರ ನೀರಿಗೆ. ಆಮೇಲೆ ಅಂತರಗಂಗೆ ಎಂಬ ನೀರಿನ ಕಳೆ ಹಬ್ಬಿ, ಕೊಳೆತು, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ, ಮೀನು ಸತ್ತು ತೇಲುತ್ತವೆ. ಒಂದು ಮನೆಯಿಂದ ಇಷ್ಟೆಲ್ಲ ಆಗದು. ಆದರೆ ಕಾಕಾನಿಗೆ ಕೊಟ್ಟ ವಿನಾಯಿತಿಯನ್ನು ಪಕ್ಕದ ಹತ್ತು ಪ್ಲಾಟಿನವರಿಗೆ ಯಾವ ಬಾಯಿಂದ ಇಲ್ಲ ಅನ್ನುವುದು?

ಕಾನೂನಿಗೂ ಇದು ಗೊತ್ತು. ಕರ್ನಾಟಕದ 2014ರ ಕೆರೆ ಕಾಯ್ದೆಯ ಪ್ರಕಾರ, ನೀರು ಇರಲಿ ಬಿಡಲಿ, ಕೆರೆ ಕೆರೆಯೇ. ಕೇಂದ್ರದ 2017ರ ಜೌಗು ಪ್ರದೇಶ ನಿಯಮ ಹಿಂದಿನ ಹತ್ತು ವರ್ಷದ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಜಾಗವನ್ನು ಕಟ್ಟಡ ಕಟ್ಟದೆ ಬಿಡಿಸುತ್ತದೆ. ಮನುಷ್ಯರು ಕಟ್ಟಿದ ನೀರಾವರಿ ಕೆರೆಗಳು ಆ ನಿಯಮದಲ್ಲಿ ಬರುವುದಿಲ್ಲ. ಆದರೂ ಅಳತೆಯ ರೀತಿ ಮಾತ್ರ ನನಗೆ ಬಹಳ ಸರಿ ಅನ್ನಿಸುತ್ತದೆ: ಬೇಸಿಗೆಯ ನೀರಿನಿಂದಲ್ಲ, ತುಂಬಿದ ಕೆರೆಯ ಅಂಚಿನಿಂದ ಅಳೆಯಬೇಕು.

ಆ ಅಂಚು ಅಲ್ಲೇ ಕಾಣುತ್ತಿತ್ತು. ಜಾಲಿ ಗಿಡಗಳ ಬುಡದಲ್ಲಿ ಸತ್ತ ಬಸವನಹುಳುಗಳ ಬಿಳಿ ಚಿಪ್ಪುಗಳು ಒಂದೇ ಗೆರೆಯಲ್ಲಿ ಬಿದ್ದಿದ್ದವು, ನೀರು ಎಲ್ಲಿವರೆಗೆ ಬಂದು ಹಿಂದೆ ಸರಿದಿತ್ತೋ ಅಲ್ಲಿ. ಕಾಕಾನ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಅವರೇ ಹೆಜ್ಜೆ ಹಾಕಿ ಎಣಿಸಿದರು. ಚಿಪ್ಪಿನ ಗೆರೆಯಿಂದ ಪ್ಲಾಟಿನ ಕಲ್ಲಿಗೆ ಇಪ್ಪತ್ತೇಳು ಹೆಜ್ಜೆ. ಒಂದು ಚಿಪ್ಪು ಎತ್ತಿ ಜೇಬಿಗೆ ಹಾಕಿಕೊಂಡರು. ಅರ್ಜಿಯ ಮಾತು ಆವತ್ತು ತೆಗೆಯಲಿಲ್ಲ.