ಹೂಡಿಕೆ ಸಲಹೆಗಾರ: ಯಾರು ಹೌದು, ಯಾರು ಅಲ್ಲ

ನಿವೃತ್ತಿಯ ಹಣವನ್ನು ಎಲ್ಲಿ ತೊಡಗಿಸಬೇಕೆಂದು ಹೇಳುವ ಲೇಖನಗಳು ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ‘ನಿಮ್ಮ ಬ್ಯಾಂಕಿನ ಹೂಡಿಕೆ ಸಲಹೆಗಾರರನ್ನು ವಿಚಾರಿಸಿ.’ ಮೊನ್ನೆಯೂ ಅದನ್ನೇ ಓದಿದೆ. ಶಾಖೆಯ ಮೇಜಿನಾಚೆ ಕುಳಿತವರಿಗೆ ಈ ಹೆಸರು ಸಲ್ಲುವುದಿಲ್ಲ. ಬ್ಯಾಂಕುಗಳು ಹೂಡಿಕೆ ಸಲಹೆಯನ್ನು ತಮ್ಮದೇ ಒಂದು ವಿಭಾಗವಾಗಿ ನಡೆಸುವಂತಿಲ್ಲ, ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ ಪ್ರತ್ಯೇಕ ಅಂಗಸಂಸ್ಥೆಯ ಮೂಲಕವೇ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2016ರಲ್ಲೇ ನಿರ್ದೇಶಿಸಿದೆ.

ಹೂಡಿಕೆ ಸಲಹೆಗಾರ ಎಂದರೆ ಸೆಬಿಯ 2013ರ ನಿಯಮಾವಳಿಯಡಿ ನೋಂದಾಯಿಸಿಕೊಂಡು, ಲಿಖಿತ ಒಪ್ಪಂದ ಮಾಡಿಕೊಂಡು, ಗ್ರಾಹಕರಿಂದಲೇ ಶುಲ್ಕ ಪಡೆದು ಸಲಹೆ ಕೊಡುವವರು. ಗ್ರಾಹಕರ ಹಿತವನ್ನೇ ಮುಂದಿಡುವುದು ಅವರಿಗೆ ಕಾನೂನಿನ ಕಟ್ಟುಪಾಡು. ಅವರ ನೋಂದಣಿ ಸಂಖ್ಯೆ ‘ಐಎನ್‌ಎ’ ಎಂದು ಆರಂಭವಾಗುತ್ತದೆ. ಮ್ಯೂಚುವಲ್ ಫಂಡ್ ವಿತರಕರ ಬಳಿ ಇರುವುದು ಫಂಡ್ ಸಂಸ್ಥೆಗಳ ಸಂಘವಾದ ಆಂಫಿ ಕೊಡುವ ಎಆರ್‌ಎನ್ ಸಂಖ್ಯೆ; ಅವರಿಗೆ ಕಮಿಷನ್ ಕೊಡುವುದು ಫಂಡ್ ಸಂಸ್ಥೆ. ಫಂಡ್ ಮಾರುವ ಬ್ಯಾಂಕ್ ಇಂಥ ವಿತರಕ ಮಾತ್ರ. ವಿಮೆ ಮಾರುವಾಗ ಅದು ಸಾಮಾನ್ಯವಾಗಿ ವಿಮಾ ಕಂಪನಿಯ ಕಾರ್ಪೊರೇಟ್ ಏಜೆಂಟ್.

ಹೆಚ್ಚು ಗೊಂದಲವಿರುವುದು ‘ಸ್ವತಂತ್ರ’ ಎಂಬ ವಿಶೇಷಣದಲ್ಲಿ. ಬ್ಯಾಂಕಿಗೆ ಸೇರದೆ ಸ್ವಂತ ಕಚೇರಿ ಇಟ್ಟುಕೊಂಡವರೆಲ್ಲ ಸ್ವತಂತ್ರರು ಎಂದು ಜನ ತಿಳಿದಿದ್ದಾರೆ. ವರ್ಷಗಟ್ಟಲೆ ವಿತರಕರು ತಮ್ಮನ್ನು ‘ಸ್ವತಂತ್ರ ಹಣಕಾಸು ಸಲಹೆಗಾರ’ ಎಂದೇ ಕರೆದುಕೊಂಡರು. ನೋಂದಾಯಿತ ಸಲಹೆಗಾರರಲ್ಲದ ವಿತರಕರು ಈ ಹೆಸರನ್ನಾಗಲಿ ‘ವೆಲ್ತ್ ಅಡ್ವೈಸರ್’ ಎಂಬುದನ್ನಾಗಲಿ ಬಳಸಕೂಡದು ಎಂದು ಸೆಬಿ 2020ರಲ್ಲಿ ತಡೆಯಿತು. ಆದರೂ ಮಾತಿನಲ್ಲಿ ಹಳೆಯ ಅಭ್ಯಾಸವೇ ಉಳಿದಿದೆ. ಇಲ್ಲಿ ಸ್ವಾತಂತ್ರ್ಯವೆಂದರೆ ಬ್ಯಾಂಕಿನಿಂದ ಬಿಡುಗಡೆಯಲ್ಲ, ಕಮಿಷನ್ನಿನಿಂದ ಬಿಡುಗಡೆ. ಕಮಿಷನ್ ಪಡೆಯುವ ನೆರೆಮನೆಯ ಏಜೆಂಟ್ ಎಷ್ಟೇ ಪ್ರಾಮಾಣಿಕರಾಗಿದ್ದರೂ ಈ ಅರ್ಥದಲ್ಲಿ ಸ್ವತಂತ್ರರಲ್ಲ. ಒಂದೇ ಕುಟುಂಬಕ್ಕೆ ಸಲಹೆಯನ್ನೂ ಕೊಟ್ಟು, ಅದೇ ಕುಟುಂಬಕ್ಕೆ ಮಾರಿ ಕಮಿಷನ್ನನ್ನೂ ಪಡೆಯಲು ನಿಯಮ ಅವಕಾಶ ಕೊಡದಿರುವುದು ಇದೇ ಕಾರಣಕ್ಕೆ.

‘ಬ್ಯಾಂಕಿನಲ್ಲಿ ಸಲಹೆ ಉಚಿತ’ ಎಂಬ ಮಾತೂ ಇದರ ಬೆನ್ನಿಗೇ ಬರುತ್ತದೆ. ಅದು ಉಚಿತವಲ್ಲ. ಬ್ಯಾಂಕ್ ಕೊಡಿಸುವುದು ಫಂಡಿನ ರೆಗ್ಯುಲರ್ ಪ್ಲಾನ್, ಅಂದರೆ ವಿತರಕರ ಮೂಲಕ ಕೊಳ್ಳುವ ಬಗೆ. ಅದರ ನಿರ್ವಹಣಾ ವೆಚ್ಚದಲ್ಲಿ ಕಮಿಷನ್ ಅಡಗಿರುತ್ತದೆ. 2013ರ ಜನವರಿಯಿಂದ ಎಲ್ಲರಿಗೂ ಸಿಗುತ್ತಿರುವ, ಫಂಡ್ ಸಂಸ್ಥೆಯಿಂದ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನಿನಲ್ಲಿ ಅದಿಲ್ಲ. ಎರಡರ ವೆಚ್ಚದ ಅಂತರ ಶೇ 0.8 ಎಂದಿಟ್ಟುಕೊಳ್ಳಿ: 10 ಲಕ್ಷ ರೂಪಾಯಿಗೆ ವರ್ಷಕ್ಕೆ 8,000 ರೂಪಾಯಿ. ಹಣ ಬೆಳೆದಂತೆ ಈ ಮೊತ್ತವೂ ಬೆಳೆಯುತ್ತದೆ, ಫಂಡ್ ಇರುವವರೆಗೂ ಪ್ರತಿ ವರ್ಷ ಕಡಿತವಾಗುತ್ತದೆ. ಯಾವ ರಸೀದಿಯೂ ಕೈಗೆ ಬರುವುದಿಲ್ಲವಾದ್ದರಿಂದ ಕೊಟ್ಟದ್ದೇ ಗೊತ್ತಾಗುವುದಿಲ್ಲ.

ಇದಕ್ಕಿಂತ ನೋವಿನ ಸಂಗತಿ ವಿಮೆಯದು. ಠೇವಣಿಯ ಅವಧಿ ಮುಗಿದು ನವೀಕರಿಸಲು ಬಂದ ಹಿರಿಯರಿಗೆ ‘ಎಫ್‌ಡಿಗಿಂತ ಒಳ್ಳೆಯದು’ ಎಂದು ಯೂಲಿಪ್ (ವಿಮೆ ಮತ್ತು ಹೂಡಿಕೆ ಬೆರೆತ ಪಾಲಿಸಿ) ಹಚ್ಚುವುದನ್ನು ಸಲಹೆ ಎಂದು ಕರೆಯಲು ನನಗೆ ಸಾಧ್ಯವಿಲ್ಲ. ಯೂಲಿಪ್‌ನಲ್ಲಿ ಐದು ವರ್ಷ ಹಣ ತೆಗೆಯುವಂತಿಲ್ಲ. ಐದು ಲಕ್ಷ ರೂಪಾಯಿವರೆಗಿನ ಠೇವಣಿ ವಿಮೆಯ ರಕ್ಷಣೆ ಇರುವುದು ಠೇವಣಿಗೆ. ಅದೇ ಶಾಖೆಯಲ್ಲಿ, ಅದೇ ಮೇಜಿನ ಮೇಲೆ ಸಹಿ ಹಾಕಿ ಕೊಂಡ ಫಂಡಿಗಾಗಲಿ ಪಾಲಿಸಿಗಾಗಲಿ ಅಲ್ಲ.

ಹಾಗೆಂದು ಎಲ್ಲರಿಗೂ ಶುಲ್ಕದ ಸಲಹೆಗಾರರು ಬೇಕಿಲ್ಲ. ತಿಂಗಳಿಗೆ ಮೂರು ಸಾವಿರ ಎಸ್‌ಐಪಿ (ಫಂಡಿಗೆ ತಿಂಗಳ ಕಂತು) ಕಟ್ಟುವವರಿಗೆ ಆ ಶುಲ್ಕವೇ ಹೊರೆ. ಅವರು ಒಂದು ಇಂಡೆಕ್ಸ್ ಫಂಡಿನ (ಷೇರು ಸೂಚ್ಯಂಕವನ್ನೇ ಅನುಸರಿಸುವ ಫಂಡ್) ಡೈರೆಕ್ಟ್ ಪ್ಲಾನನ್ನು ತಾವೇ ಕೊಂಡರೆ ಸಾಕು. ಅರ್ಜಿ ತುಂಬಿಸಿ, ನಾಮಿನಿ ಬದಲಿಸಿ, ಮಾರುಕಟ್ಟೆ ಕುಸಿದಾಗ ಧೈರ್ಯ ಹೇಳುವ ವಿತರಕರು ಬೇಕೆನಿಸಿದರೆ ಅದೂ ಸರಿಯಾದ ಆಯ್ಕೆಯೇ. ಆ ಸೇವೆಗೆ ಕಮಿಷನ್ ಕೊಡುತ್ತಿದ್ದೇವೆ ಎಂಬ ಅರಿವಿರಲಿ.

ಇದನ್ನು ಓದಿ ರೆಗ್ಯುಲರ್ ಪ್ಲಾನನ್ನು ನಾಳೆಯೇ ಡೈರೆಕ್ಟ್‌ಗೆ ಬದಲಿಸಲು ಹೊರಡಬೇಡಿ. ತೆರಿಗೆಯ ಲೆಕ್ಕದಲ್ಲಿ ಆ ಬದಲಾವಣೆ ಎಂದರೆ ಹಳೆಯದನ್ನು ಮಾರಿ ಹೊಸದನ್ನು ಕೊಂಡಂತೆ. ಲಾಭಕ್ಕೆ ತೆರಿಗೆ ಬೀಳಬಹುದು, ಎಕ್ಸಿಟ್ ಲೋಡ್ (ಬೇಗ ಹೊರಬಂದರೆ ಕಡಿಯುವ ಶುಲ್ಕ) ಇರಬಹುದು. ಇಎಲ್ಎಸ್ಎಸ್ (ತೆರಿಗೆ ಉಳಿತಾಯದ ಷೇರು ಫಂಡ್) ಆದರೆ ಮೂರು ವರ್ಷ ತುಂಬುವ ತನಕ ಬದಲಿಸಲು ಬರುವುದೇ ಇಲ್ಲ. ಹೊಸ ಕಂತುಗಳನ್ನು ಮೊದಲು ಡೈರೆಕ್ಟ್‌ನಲ್ಲಿ ಶುರುಮಾಡಿ, ಹಳೆಯದನ್ನು ಲೆಕ್ಕ ಹಾಕಿ ಹಂತಹಂತವಾಗಿ ಸಾಗಿಸಬಹುದು.